ಆಂಟಿಗಾ ದ್ವೀಪದ ಕಡಲತೀರ ಮತ್ತು ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆರಿಬಿಯನ್ ಸಮುದ್ರದ ಆಂಟಿಗಾ ದ್ವೀಪಕ್ಕೆ ಹೋಗುವ ಯೋಚನೆ ಇರುವವರು ಕೇಳುವುದು ಹೆಚ್ಚಾಗಿ ಬೀಚ್‌ಗಳ ಬಗ್ಗೆ. ಯಾವ ಬೀಚ್ ಚೆಂದ, ಯಾವಾಗ ಹೋಗಬೇಕು, ಮಕ್ಕಳನ್ನು ನೀರಿಗೆ ಇಳಿಸಬಹುದಾ, ಹೀಗೆ. ಅದಕ್ಕೆಲ್ಲ ಇಲ್ಲಿ ಉತ್ತರ ಇದೆ. ಆದರೆ ಉತ್ತರ ಹೇಳುತ್ತಾ ಹೋದರೆ ಅರ್ಧಕ್ಕರ್ಧ ಪ್ರಶ್ನೆಗಳು ಕಬ್ಬಿನ ಗದ್ದೆಗೇ ಬಂದು ನಿಲ್ಲುತ್ತವೆ. ಅಲ್ಲಿಯ ಊಟ, ಅಲ್ಲಿಯ ಹಬ್ಬ, ಬೆಟ್ಟಗಳ ಬೋಳು, ಕಾಣೆಯಾದ ಹಾವು, ಎಲ್ಲದರ ಬುಡದಲ್ಲೂ ಕಬ್ಬು ಇದೆ. ಅದಕ್ಕೇ ಕಡಲು, ಚರಿತ್ರೆ ಎಂದು ಬೇರೆ ಮಾಡದೆ ಒಟ್ಟಿಗೇ ಬರೆದಿದ್ದೇನೆ.

ಆಂಟಿಗಾನೋ, ಆಂಟಿಗುವಾನೋ?

ಅಲ್ಲಿಯವರು ಹೇಳುವುದು 'ಆಂಟೀಗಾ'. ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ಅಕ್ಷರಕ್ಕೆ ಮುಂಚೆ ಒಂದು 'ಯು' ಬರುತ್ತದೆ, ಆದರೆ ಅದನ್ನು ಯಾರೂ ಉಚ್ಚರಿಸುವುದಿಲ್ಲ. ಕ್ರಿಕೆಟ್ ವರದಿ ಓದಿ ಬೆಳೆದ ನಮಗೆ 'ಆಂಟಿಗುವಾ' ಅಂತಲೇ ಬಾಯಿಗೆ ಬರುತ್ತದೆ. ಅಲ್ಲಿ ಹೋದಾಗ 'ಆಂಟೀಗಾ' ಎನ್ನಿ, ಅವರಿಗೂ ಖುಷಿಯಾಗುತ್ತದೆ.

ಈ ಹೆಸರು ಕೊಟ್ಟವನು ಕೊಲಂಬಸ್. 1493ರಲ್ಲಿ ಎರಡನೇ ಸಲ ಈ ಕಡೆ ಬಂದಾಗ, ಸ್ಪೇನಿನ ಸೆವಿಲ್ ಊರಿನ ದೊಡ್ಡ ಚರ್ಚಿನಲ್ಲಿರುವ ಮೇರಿಯ ಚಿತ್ರದ ಹೆಸರನ್ನು ದ್ವೀಪಕ್ಕೆ ಇಟ್ಟ. ದಡಕ್ಕೆ ಇಳಿಯಲೂ ಇಲ್ಲ, ಹೆಸರಿಟ್ಟು ಮುಂದೆ ಹೋದ. ಅದಕ್ಕೂ ಹಿಂದೆ ಸಾವಿರಾರು ವರ್ಷಗಳಿಂದ ಅಲ್ಲಿ ಜನ ಇದ್ದರು. ಮೊದಲು ಮೀನು, ಚಿಪ್ಪು ಆಯ್ದು ಬದುಕಿದವರು, ಆಮೇಲೆ ದಕ್ಷಿಣ ಅಮೆರಿಕದಿಂದ ದೋಣಿಯಲ್ಲಿ ಬಂದು ಬೇಸಾಯ ಮಾಡಿದ ಅರವಾಕ್ ಜನ. ಆಂಟಿಗಾದವರು ಇವತ್ತಿಗೂ ತಮ್ಮ ನೆಲವನ್ನು 'ವಡಾಡ್ಲಿ' ಎಂದು ಕರೆದುಕೊಳ್ಳುತ್ತಾರೆ. ಅದು ಆ ಹಳೆಯ ಜನರಿಂದ ಬಂದ ಹೆಸರು ಎನ್ನುವುದು ಅವರ ನಂಬಿಕೆ. ಅಲ್ಲಿ ತಯಾರಾಗುವ ಬಿಯರ್‌ಗೂ ಅದೇ ಹೆಸರಿದೆ.

ಎಷ್ಟು ದೊಡ್ಡ ದ್ವೀಪ?

281 ಚದರ ಕಿಲೋಮೀಟರ್. ಕಾರಿನಲ್ಲಿ ಒಂದೇ ದಿನದಲ್ಲಿ ಸುತ್ತು ಹೊಡೆದು ಬರಬಹುದು. ಉತ್ತರಕ್ಕೆ 48 ಕಿಲೋಮೀಟರ್ ದೂರದಲ್ಲಿ ಬಾರ್ಬುಡಾ ಇದೆ. ಎರಡೂ ಸೇರಿ 'ಆಂಟಿಗಾ ಮತ್ತು ಬಾರ್ಬುಡಾ' ಎಂಬ ಒಂದು ದೇಶ. ಎರಡರ ಜನಸಂಖ್ಯೆ ಸೇರಿಸಿದರೆ ಸುಮಾರು ಒಂದು ಲಕ್ಷ. ರಾಜಧಾನಿ ಸೇಂಟ್ ಜಾನ್ಸ್. ಇಂಗ್ಲಿಷ್ ನಡೆಯುತ್ತದೆ. ಆದರೆ ಅವರವರೇ ಮಾತಾಡುವಾಗಿನ ಕ್ರಿಯೋಲ್ ಎಂಬ ಆಡುಮಾತು ನಮ್ಮ ಕಿವಿಗೆ ಸಿಗಲು ಎರಡು ದಿನ ಬೇಕು.

365 ಬೀಚ್ ಇವೆಯಂತೆ, ನಿಜವಾ?

ವರ್ಷದ ದಿನಕ್ಕೊಂದು ಬೀಚ್ ಎನ್ನುವುದು ಅಲ್ಲಿಯ ಪ್ರವಾಸೋದ್ಯಮದ ಹಳೆಯ ಮಾತು. ಅದನ್ನು ಲೆಕ್ಕ ಎಂದು ತಿಳಿಯಬೇಡಿ. ಆದರೆ ಆ ಮಾತಿಗೆ ಕಾರಣ ಇದೆ. ನಕಾಶೆ ನೋಡಿ, ದ್ವೀಪದ ಅಂಚು ಹರಿದ ರೊಟ್ಟಿಯ ಹಾಗಿದೆ. ಎಲ್ಲಿ ನೋಡಿದರೂ ಕೊಲ್ಲಿ, ಚಾಚು, ಒಳಹರಿವು. ಪ್ರತಿ ಮಡಿಕೆಯಲ್ಲೂ ಒಂದು ತುಂಡು ಮರಳು ಸಿಗುತ್ತದೆ. ಹತ್ತು ಹೆಜ್ಜೆ ಉದ್ದದ್ದನ್ನೂ ಬೀಚ್ ಅಂದುಕೊಂಡರೆ ಲೆಕ್ಕ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಅಲ್ವಾ?

ಒಂದು ವಾರ ಇದೆ. ಯಾವ ಬೀಚ್‌ಗೆ ಹೋಗಲಿ?

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ದ್ವೀಪದ ಪಶ್ಚಿಮಕ್ಕೆ ಕೆರಿಬಿಯನ್ ಸಮುದ್ರ, ಪೂರ್ವಕ್ಕೆ ಅಟ್ಲಾಂಟಿಕ್. ಗಾಳಿ ಬೀಸುವುದು ಪೂರ್ವದಿಂದ. ಹಾಗಾಗಿ ಪಶ್ಚಿಮದ ನೀರು ಕೆರೆಯ ಹಾಗೆ ಶಾಂತ, ಪೂರ್ವದಲ್ಲಿ ಅಲೆ ಜಾಸ್ತಿ.

ಚಿಕ್ಕ ಮಕ್ಕಳು, ಈಜು ಬಾರದ ಹಿರಿಯರು ಜೊತೆಗಿದ್ದರೆ ಪಶ್ಚಿಮಕ್ಕೆ ಹೋಗಿ. ಸೇಂಟ್ ಜಾನ್ಸ್‌ಗೆ ಹತ್ತಿರದ ಡಿಕಿನ್ಸನ್ ಬೇ ಉದ್ದವಾದ ಬೀಚ್, ಹೋಟೆಲ್, ಅಂಗಡಿ, ಗದ್ದಲ ಎಲ್ಲ ಇದೆ. ಗದ್ದಲ ಬೇಡವಾದರೆ ನೈರುತ್ಯಕ್ಕೆ ಇಳಿಯಿರಿ. ವ್ಯಾಲಿ ಚರ್ಚ್, ಫ್ರೈಸ್, ಡಾರ್ಕ್‌ವುಡ್ ಎಂಬ ಮೂರು ಬೀಚ್‌ಗಳು ಒಂದೇ ರಸ್ತೆಯ ಪಕ್ಕದಲ್ಲಿ ಸಾಲಾಗಿ ಸಿಗುತ್ತವೆ. ಹೆಸರು ಡಾರ್ಕ್‌ವುಡ್, ಮರಳು ಮಾತ್ರ ಹಾಲಿನಂತೆ. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಪೂರ್ವದಲ್ಲಿ ಹಾಫ್ ಮೂನ್ ಬೇ. ಹೆಸರಿನಂತೆ ಅರ್ಧಚಂದ್ರದ ಆಕಾರ. ನನ್ನ ಮನಸ್ಸಿಗೆ ಆಂಟಿಗಾದ ಬೀಚ್ ಎಂದರೆ ಇದೇ. ಅಲೆಗಳಿಗೆ ಕಸುವು ಇದೆ, ಈಜು ಬಲ್ಲವರು ಮಾತ್ರ ಮುಂದೆ ಹೋಗಬೇಕು. ಸುಮ್ನೆ ದಡದಲ್ಲಿ ಕೂತು ನೋಡುವವರಿಗೂ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅದೇ ಪೂರ್ವದಲ್ಲಿ ಲಾಂಗ್ ಬೇ ಬೇರೆ ಥರ. ಎದುರಿಗೆ ಹವಳದ ದಿಬ್ಬ ಅಡ್ಡ ಇರುವುದರಿಂದ ಅಲೆ ಅಲ್ಲೇ ಒಡೆಯುತ್ತದೆ, ಒಳಗೆ ನೀರು ಶಾಂತ.

ಲಾಂಗ್ ಬೇಗೆ ಹೋದವರು ಪಕ್ಕದ ಡೆವಿಲ್ಸ್ ಬ್ರಿಜ್ ನೋಡದೆ ಬರಬೇಡಿ. ಸುಣ್ಣಕಲ್ಲನ್ನು ಸಮುದ್ರ ಕೊರೆದು ಕೊರೆದು ಕಮಾನು ಮಾಡಿದೆ. ಕೆಳಗಿನಿಂದ ನುಗ್ಗಿದ ನೀರು ಬಂಡೆಯ ತೂತುಗಳಲ್ಲಿ ಕಾರಂಜಿಯಂತೆ ಚಿಮ್ಮುತ್ತದೆ. ಗುಲಾಮರಾಗಿ ಬದುಕಲಾರದೆ ಎಷ್ಟೋ ಜನ ಇಲ್ಲಿ ಹಾರಿ ಪ್ರಾಣ ಬಿಟ್ಟರು ಎಂದು ಊರವರು ಹೇಳುತ್ತಾರೆ. ಆ ಮಾತು ಕೇಳಿದ ಮೇಲೆ ಅಲ್ಲಿ ಫೋಟೊಗೆ ನಗುತ್ತಾ ನಿಲ್ಲಲು ಮನಸ್ಸು ಬರುವುದಿಲ್ಲ. ಕಮಾನಿನ ಮೇಲೆ ನಡೆಯಬೇಡಿ, ಬಂಡೆ ಜಾರುತ್ತದೆ.

ದಕ್ಷಿಣದಲ್ಲಿ ಇಂಗ್ಲಿಷ್ ಹಾರ್ಬರ್ ಹತ್ತಿರ ಪಿಜನ್ ಪಾಯಿಂಟ್ ಇದೆ. ಊರಿನ ಕುಟುಂಬಗಳು ಭಾನುವಾರ ಅಡುಗೆ ಕಟ್ಟಿಕೊಂಡು ಬರುವ ಜಾಗ. ನಡೆಯುವ ಹುಮ್ಮಸ್ಸು ಇರುವವರು ರಾಂಡೆವೂ ಬೇ ನೋಡಬಹುದು. ಅಲ್ಲಿಗೆ ಕಾಲುದಾರಿಯಲ್ಲಿ ಗುಡ್ಡ ದಾಟಿಯೋ ದೋಣಿಯಲ್ಲೋ ಹೋಗಬೇಕು. ನೀರು, ಟೋಪಿ ಮರೆಯಬೇಡಿ.

ಹೋಟೆಲಿನ ಮುಂದಿನ ಬೀಚ್‌ಗೆ ಹೊರಗಿನವರನ್ನು ಬಿಡುತ್ತಾರಾ?

ಆಂಟಿಗಾದಲ್ಲಿ ಬೀಚ್‌ಗಳೆಲ್ಲ ಸಾರ್ವಜನಿಕರದ್ದು. ಹೋಟೆಲಿನ ಕುರ್ಚಿ, ಛತ್ರಿ ಅವರದ್ದಾಗಿರಬಹುದು, ಮರಳು ಅವರದ್ದಲ್ಲ. ಆದರೆ ಕೆಲವು ಕಡೆ ಮರಳಿಗೆ ಹೋಗುವ ದಾರಿ ಹೋಟೆಲಿನ ಜಾಗದ ಮೂಲಕ ಹಾದು ಹೋಗುತ್ತದೆ. ಗೇಟಿನಲ್ಲಿ ಕಾವಲುಗಾರರಿಗೆ ನಮಸ್ಕಾರ ಹೇಳಿ, ಬೀಚ್‌ಗೆ ಹೋಗಬೇಕು ಎಂದು ಕೇಳಿ.

ಮರಳು ಅಷ್ಟು ಬೆಳ್ಳಗೆ ಏಕೆ?

ಹವಳ, ಚಿಪ್ಪು, ಸುಣ್ಣದ ಕವಚವಿರುವ ಸಣ್ಣ ಜೀವಿಗಳು ಪುಡಿಯಾಗಿ ಆದ ಮರಳು ಅದು. ಗಿಳಿಮೀನು ಹವಳದ ಬಂಡೆಯನ್ನು ಕೆರೆದು ತಿಂದು, ಸುಣ್ಣದ ಭಾಗವನ್ನು ಮರಳಾಗಿ ಹೊರಹಾಕುತ್ತದೆ. ನಿಮ್ಮ ಕಾಲಡಿಯ ಮರಳಿನಲ್ಲಿ ಒಂದು ಪಾಲು ಮೀನಿನ ಹೊಟ್ಟೆಯಿಂದ ಬಂದದ್ದು! ಬಾರ್ಬುಡಾದ ಕೆಲವು ಬೀಚ್‌ಗಳಲ್ಲಿ ಕೆಂಬಣ್ಣದ ಚಿಪ್ಪಿನ ಚೂರು ಜಾಸ್ತಿ ಬೆರೆತಿರುವುದರಿಂದ ಮರಳಿಗೆ ಗುಲಾಬಿ ಛಾಯೆ ಬರುತ್ತದೆ.

ಬೀಚ್‌ನಲ್ಲಿ ಯಾವುದಕ್ಕೆ ಹುಷಾರಾಗಿರಬೇಕು?

ಮೊದಲನೆಯದು ಒಂದು ಮರ. ಮಂಚಿನೀಲ್ ಎಂದು ಹೆಸರು. ಮರಳಿನ ಅಂಚಿನಲ್ಲೇ ಬೆಳೆಯುತ್ತದೆ, ಒಳ್ಳೆಯ ನೆರಳು ಕೊಡುತ್ತದೆ, ಪುಟ್ಟ ಹಸಿರು ಸೇಬಿನಂಥ ಕಾಯಿ ಬಿಡುತ್ತದೆ. ಅದರ ಹಾಲು ತಗುಲಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಕಾಯಿ ಕಚ್ಚಿದರೆ ಬಾಯಿ, ಗಂಟಲು ಸುಟ್ಟಂತಾಗುತ್ತದೆ. ಮಳೆ ಬಂದಾಗ ಅದರಡಿ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರು ಸುಡುತ್ತದೆ. ಕೆಲವು ಕಡೆ ಕಾಂಡಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ ಅಥವಾ ಫಲಕ ಹಾಕಿರುತ್ತಾರೆ, ಎಲ್ಲ ಕಡೆ ಅಲ್ಲ. ಮಕ್ಕಳಿಗೆ ಮೊದಲೇ ಹೇಳಿ: ಬಿದ್ದ ಕಾಯಿ ಮುಟ್ಟಬಾರದು.

ಎರಡನೆಯದು ಸರ್ಗಾಸಮ್ ಎಂಬ ಕಂದು ಬಣ್ಣದ ಕಡಲ ಕಳೆ. 2011ರಿಂದ ಇದು ರಾಶಿ ರಾಶಿಯಾಗಿ ಕೆರಿಬಿಯನ್ ದ್ವೀಪಗಳಿಗೆ ತೇಲಿ ಬರುತ್ತಿದೆ. ಅಟ್ಲಾಂಟಿಕ್ ಕಡೆಯ ಬೀಚ್‌ಗಳಿಗೆ ಕಾಟ ಹೆಚ್ಚು. ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ ಬರುತ್ತದೆ. ಹಾಫ್ ಮೂನ್ ಬೇಗೆ ಹೊರಡುವ ಮುನ್ನ ಅವತ್ತು ಅಲ್ಲಿ ಹೇಗಿದೆ ಎಂದು ಊರವರನ್ನು ಕೇಳಿಕೊಳ್ಳಿ. ಪೂರ್ವ ಕೆಟ್ಟಿದ್ದರೆ ಪಶ್ಚಿಮ ಸಾಮಾನ್ಯವಾಗಿ ಸ್ವಚ್ಛವಾಗಿರುತ್ತದೆ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಏಪ್ರಿಲ್. ಮಳೆ ಕಡಿಮೆ, ಗಾಳಿ ಹಿತ, ರೇಟು ಜಾಸ್ತಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಅದರಲ್ಲೂ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ನಿಜವಾದ ಭಯದ ತಿಂಗಳುಗಳು, ಕೆಲವು ಹೋಟೆಲುಗಳು ಆಗ ಮುಚ್ಚಿಯೇ ಇರುತ್ತವೆ.

ಎಲ್ಲಿ ನೋಡಿದರೂ ಕಲ್ಲಿನ ಗೋಪುರಗಳು ಕಾಣುತ್ತವೆ. ಅವು ಏನು?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ಅವು ಗಾಳಿಗೆ ತಿರುಗುತ್ತಿದ್ದ ಕಬ್ಬಿನ ಗಾಣಗಳು. ರೆಕ್ಕೆ ಹೋಗಿವೆ, ಬುಡದ ಕಲ್ಲುಕಟ್ಟಡ ಉಳಿದಿದೆ. ಇಷ್ಟು ಸಣ್ಣ ದ್ವೀಪದಲ್ಲಿ ಸುಮಾರು 100 ಗೋಪುರ ಇನ್ನೂ ನಿಂತಿವೆ. ಒಂದು ಕಾಲದಲ್ಲಿ 150ಕ್ಕೂ ಹೆಚ್ಚು ಗಾಣ ತಿರುಗುತ್ತಿದ್ದವು.

ಇಂಗ್ಲಿಷರು 1632ರಲ್ಲಿ ಸೇಂಟ್ ಕಿಟ್ಸ್ ದ್ವೀಪದಿಂದ ಬಂದು ಇಲ್ಲಿ ನೆಲೆಸಿದರು. ಮೊದಲು ಹೊಗೆಸೊಪ್ಪು, ನೀಲಿ ಬಣ್ಣ ಕೊಡುವ ಗಿಡ, ಶುಂಠಿ ಬೆಳೆದರು. 1674ರಲ್ಲಿ ಬಾರ್ಬಡೋಸ್‌ನಿಂದ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಬಂದು ಬೆಟ್ಟೀಸ್ ಹೋಪ್ ಎಂಬ ಎಸ್ಟೇಟು ಹಿಡಿದ ಮೇಲೆ ಕಬ್ಬು ದ್ವೀಪವನ್ನೇ ನುಂಗಿತು. ಕಾಡು ಕಡಿದು ಗದ್ದೆ ಮಾಡಿದರು. ದುಡಿಯಲು ಆಫ್ರಿಕಾದಿಂದ ಜನರನ್ನು ಹಿಡಿದು ತಂದರು. ಕೆಲವೇ ದಶಕಗಳಲ್ಲಿ ಬಿಳಿಯರಿಗಿಂತ ಗುಲಾಮರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಾಯಿತು.

ಬೆಟ್ಟೀಸ್ ಹೋಪ್ ಈಗಲೂ ನೋಡಬಹುದು. ಜೋಡಿ ಗೋಪುರಗಳಿವೆ. ಒಂದಕ್ಕೆ 1995ರಲ್ಲಿ ಮತ್ತೆ ರೆಕ್ಕೆ ಕಟ್ಟಿ, ಒಳಗಿನ ಯಂತ್ರ ಜೋಡಿಸಿದ್ದಾರೆ. ಆಲೆಮನೆ ನೋಡಿದವರಿಗೆ ಅಲ್ಲಿಯ ಕೆಲಸ ಬೇಗ ಅರ್ಥವಾಗುತ್ತದೆ. ಕಬ್ಬು ಕಡಿದ ಮೇಲೆ ತಡಮಾಡದೆ ಅರೆಯಬೇಕು, ಇಲ್ಲದಿದ್ದರೆ ರಸ ಹುಳಿಯಾಗುತ್ತದೆ. ಗಾಣದಿಂದ ರಸ ಕಾಲುವೆಯಲ್ಲಿ ಹರಿದು ಕುದಿಸುವ ಮನೆಗೆ ಹೋಗುತ್ತಿತ್ತು. ಅಲ್ಲಿ ಸಾಲು ಕೊಪ್ಪರಿಗೆಗಳು. ಒಂದರಿಂದ ಒಂದಕ್ಕೆ ಸುರಿಯುತ್ತಾ ಪಾಕ ಏರಿಸಬೇಕು. ಸಕ್ಕರೆ ಹಡಗಿಗೆ, ಉಳಿದ ಕಾಕಂಬಿ ರಮ್‌ಗೆ.

ಆಲೆಮನೆ ಎಂದರೆ ನಮಗೆ ನೊರೆಬೆಲ್ಲ, ಬೆಂಕಿಯ ಬೆಳಕು, ಮಕ್ಕಳ ಸಂಭ್ರಮ. ಇಲ್ಲಿ ಅದಾವುದೂ ಇರಲಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ಹಗಲು ರಾತ್ರಿ ಪಾಳಿ. ಗಾಣಕ್ಕೆ ಕಬ್ಬು ಕೊಡುವವರು ನಿದ್ದೆಗಣ್ಣಲ್ಲಿ ಕೈ ಸಿಕ್ಕಿಸಿಕೊಂಡರೆ ಕಡಿದು ಹಾಕಲು ಪಕ್ಕದಲ್ಲೇ ಕೊಡಲಿ ಇಟ್ಟಿರುತ್ತಿದ್ದರು. ಗಾಳಿಗಾಣವನ್ನು ತಟ್ಟನೆ ನಿಲ್ಲಿಸಲು ಆಗುತ್ತಿರಲಿಲ್ಲ. ಬೆಟ್ಟೀಸ್ ಹೋಪ್‌ಗೆ ಒಂದು ಗಂಟೆ ಸಾಕು. ಹಾಫ್ ಮೂನ್ ಬೇಗೆ ಹೋಗುವ ದಿನವೇ ಇದನ್ನೂ ಸೇರಿಸಿಕೊಳ್ಳಿ, ಎರಡೂ ದ್ವೀಪದ ಪೂರ್ವ ಭಾಗದಲ್ಲೇ ಇವೆ.

ಗುಲಾಮರು ತಿರುಗಿ ಬೀಳಲಿಲ್ವಾ?

ಬಿದ್ದರು. ಸೇಂಟ್ ಜಾನ್ಸ್‌ನಲ್ಲಿ ಶಂಖ ಊದುತ್ತಿರುವ ಒಬ್ಬನ ಪ್ರತಿಮೆ ಇದೆ. ಅವನ ಹೆಸರು ಕೋರ್ಟ್. ಪ್ರಿನ್ಸ್ ಕ್ಲಾಸ್ ಎಂದೂ ಕರೆಯುತ್ತಾರೆ. ಈಗಿನ ಘಾನಾ ಇರುವ ಗೋಲ್ಡ್ ಕೋಸ್ಟ್‌ನಿಂದ ಹುಡುಗನಾಗಿದ್ದಾಗಲೇ ಅವನನ್ನು ಹಿಡಿದು ತಂದಿದ್ದರು. ದೊಡ್ಡವನಾದ ಮೇಲೆ ತನ್ನವರ ನಡುವೆ ರಾಜನಂತೆ ಬೆಳೆದ.

1736ರ ಅಕ್ಟೋಬರ್ 11ರಂದು ಬ್ರಿಟಿಷ್ ದೊರೆ ಎರಡನೇ ಜಾರ್ಜ್‌ನ ಪಟ್ಟಾಭಿಷೇಕದ ವಾರ್ಷಿಕೋತ್ಸವ. ಅವತ್ತು ರಾತ್ರಿ ದ್ವೀಪದ ದೊಡ್ಡ ಜಮೀನ್ದಾರರೆಲ್ಲ ನೃತ್ಯಕೂಟಕ್ಕೆ ಸೇರುವವರಿದ್ದರು. ಆ ಕಟ್ಟಡವನ್ನೇ ಮದ್ದಿಟ್ಟು ಸಿಡಿಸುವುದು, ಆ ಶಬ್ದ ಕೇಳಿದ ಕೂಡಲೇ ಎಲ್ಲ ಎಸ್ಟೇಟುಗಳಲ್ಲಿ ಏಳುವುದು, ಇದು ಯೋಜನೆ. ಟಾಂಬಾಯ್ ಎಂಬ ಬಡಗಿ ಇನ್ನೊಬ್ಬ ಮುಖಂಡ. ಕುರ್ಚಿ ಬೆಂಚು ಮಾಡುವ ನೆಪದಲ್ಲಿ ಒಳಗೆ ಮದ್ದು ಇಡುವ ಹೊಣೆ ಅವನದ್ದು. ಅದಕ್ಕೂ ಕೆಲ ದಿನ ಮೊದಲು ಕೋರ್ಟ್ ಹಾಡುಹಗಲೇ, ಜನರ ನಡುವೆ, ಯುದ್ಧಕ್ಕೆ ಹೊರಡುವ ಮುನ್ನ ಅವರ ನಾಡಿನಲ್ಲಿ ಮಾಡುವ ಕುಣಿತ ಮಾಡಿದ. ಬಿಳಿಯರು ನಿಂತು ನೋಡಿದರು. ಅದರ ಅರ್ಥ ಅವರಿಗೆ ಗೊತ್ತಾಗಲಿಲ್ಲ.

ಆದರೆ ಗವರ್ನರ್‌ನ ಮಗ ತೀರಿಕೊಂಡು ನೃತ್ಯಕೂಟ ಮುಂದಕ್ಕೆ ಹೋಯಿತು. ಆ ನಡುವೆ ಗುಟ್ಟು ಹೊರಬಿತ್ತು. ಕೋರ್ಟ್‌ನನ್ನು ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಒಟ್ಟು 88 ಜನರನ್ನು ಕೊಂದರು. ಅವರಲ್ಲಿ 77 ಜನರನ್ನು ಜೀವಂತ ಸುಟ್ಟರು. ಇವತ್ತು ಕೋರ್ಟ್ ಆ ದೇಶದ ರಾಷ್ಟ್ರವೀರ. ಪ್ರತಿಮೆಯ ಎದುರು ಎರಡು ನಿಮಿಷ ನಿಲ್ಲಿ.

ನೆಲ್ಸನ್ಸ್ ಡಾಕ್‌ಯಾರ್ಡ್ ನೋಡಲೇಬೇಕಾ?

ನೋಡಲೇಬೇಕು. ದಕ್ಷಿಣದ ಇಂಗ್ಲಿಷ್ ಹಾರ್ಬರ್ ಕೊಲ್ಲಿ ಗುಡ್ಡಗಳ ನಡುವೆ ಅಡಗಿದೆ. ಹೊರಗಿನ ಸಮುದ್ರದಿಂದ ಸುಲಭಕ್ಕೆ ಕಾಣುವುದಿಲ್ಲ, ಚಂಡಮಾರುತಕ್ಕೂ ಸಿಗುವುದಿಲ್ಲ. ಸಕ್ಕರೆ ದ್ವೀಪಗಳನ್ನು ಫ್ರೆಂಚರಿಂದ ಕಾಯಲು ಬ್ರಿಟಿಷ್ ನೌಕಾಪಡೆ 1720ರ ದಶಕದಲ್ಲಿ ಇಲ್ಲಿ ಹಡಗು ದುರಸ್ತಿಯ ನೆಲೆ ಕಟ್ಟಲು ಶುರುಮಾಡಿತು. ಮರದ ಹಡಗಿನ ತಳಕ್ಕೆ ಹುಳು, ಪಾಚಿ ಹಿಡಿಯುತ್ತದೆ. ಅದನ್ನು ಕೆರೆಯಲು ಹಡಗನ್ನು ದಡಕ್ಕೆ ತಂದು ಹಗ್ಗ ಕಟ್ಟಿ ಪಕ್ಕಕ್ಕೆ ಮಲಗಿಸುತ್ತಿದ್ದರು. ಹಗ್ಗ ಸುತ್ತಲು ಬಳಸಿದ ದೊಡ್ಡ ರಾಟೆಗಳು ಇನ್ನೂ ಅಲ್ಲಿವೆ. ಚಾವಣಿ ಹೋದ ದೋಣಿಮನೆಯ ದಪ್ಪ ಕಲ್ಲಿನ ಕಂಬಗಳನ್ನು ಎಲ್ಲ ಫೋಟೊಗಳಲ್ಲೂ ನೋಡಿರುತ್ತೀರಿ.

ಬ್ರಿಟಿಷ್ ನೌಕಾಪಡೆಯ ಹೆಸರಾಂತ ಸೇನಾನಿ ನೆಲ್ಸನ್ ಅಲ್ಲಿ ಇದ್ದದ್ದು 1784ರಿಂದ 1787ರವರೆಗೆ. ಅವನಿಗೆ ಆ ಜಾಗ ಇಷ್ಟವಿರಲಿಲ್ಲ. ಅಮೆರಿಕದ ಹಡಗುಗಳ ವ್ಯಾಪಾರ ತಡೆದ ಅವನನ್ನು ಕಂಡರೆ ಊರಿನ ವ್ಯಾಪಾರಿಗಳಿಗೂ ಆಗುತ್ತಿರಲಿಲ್ಲ. ಆದರೂ ಹೆಸರು ಅವನದ್ದೇ ಉಳಿಯಿತು. ಕಲ್ಲು ಕಡಿದು, ಕಟ್ಟಿ, ಹಡಗು ಎಳೆದವರು ಆಫ್ರಿಕಾದಿಂದ ತಂದ ಗುಲಾಮರು. 1744ರ ಮಾರ್ಚ್ 8ರಂದು ಅಲ್ಲಿ ಮದ್ದು ಸಿಡಿದು ಅಂಥ 8 ಕೆಲಸಗಾರರು ಸತ್ತರು. ಈಚಿನ ವರ್ಷಗಳಲ್ಲಿ ಹಳೆಯ ಕಡತ ಹುಡುಕಿ ಅವರನ್ನು ನೆನೆಯುವ ಕೆಲಸ ನಡೆದಿದೆ. ಇದು ಬಹಳ ಹಿಂದೆಯೇ ಆಗಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.

ನೌಕಾಪಡೆ 1889ರಲ್ಲಿ ಬಿಟ್ಟು ಹೋಯಿತು. ಕಟ್ಟಡಗಳು ಪಾಳುಬಿದ್ದವು. 1951ರಿಂದ ದುರಸ್ತಿ ನಡೆದು 1961ರಲ್ಲಿ ಮತ್ತೆ ತೆರೆದರು. 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈಗಲೂ ಅದು ಬಂದರೇ, ಹಾಯಿದೋಣಿಗಳು ಬಂದು ನಿಲ್ಲುತ್ತವೆ. ಭಾನುವಾರ ಹೋದರೆ ಸಂಜೆ ಮೇಲಿನ ಶರ್ಲಿ ಹೈಟ್ಸ್ ಗುಡ್ಡಕ್ಕೆ ಹತ್ತಿ. ಸ್ಟೀಲ್ ಡ್ರಮ್ ಸಂಗೀತ, ಕೆಂಡದಲ್ಲಿ ಸುಡುವ ಅಡುಗೆಯ ಘಮ, ಕೆಳಗೆ ಇಡೀ ಬಂದರು.

ಗುಲಾಮಗಿರಿ ಯಾವಾಗ ಮುಗಿಯಿತು?

1834ರ ಆಗಸ್ಟ್ 1. ಬ್ರಿಟಿಷರ ಹೆಚ್ಚಿನ ಕೆರಿಬಿಯನ್ ದ್ವೀಪಗಳಲ್ಲಿ ಅವತ್ತು ಸಿಕ್ಕಿದ್ದು ಅರೆ ಬಿಡುಗಡೆ. ಇನ್ನೂ ಕೆಲವು ವರ್ಷ ಹಳೆಯ ಒಡೆಯನ ಬಳಿಯೇ ಕೂಲಿಯಿಲ್ಲದೆ ದುಡಿಯಬೇಕಿತ್ತು. ಆಂಟಿಗಾದಲ್ಲಿ ಆ ಹಂತ ಇರಲಿಲ್ಲ, ಒಂದೇ ದಿನದಲ್ಲಿ ಪೂರ್ತಿ ಬಿಡುಗಡೆ. ಇದರಲ್ಲಿ ಜಮೀನ್ದಾರರ ಲೆಕ್ಕಾಚಾರವೂ ಇತ್ತು. ಇಡೀ ದ್ವೀಪ ಎಸ್ಟೇಟುಗಳ ಕೈಯಲ್ಲಿ ಇದ್ದಾಗ ಬಿಡುಗಡೆಯಾದವರು ಎಲ್ಲಿಗೆ ಹೋಗಬೇಕು? ಕೂಲಿಗೆ ಅಲ್ಲೇ ಬರಬೇಕು. ಹಾಗೇ ಆಯಿತು. ಆದರೂ ಕೆಲವರು ಚೂರು ಚೂರು ಜಾಗ ಕೊಂಡು ಸ್ವಂತ ಊರು ಕಟ್ಟಿದರು. ಇಂಗ್ಲಿಷ್ ಹಾರ್ಬರ್‌ಗೆ ಹೋಗುವ ದಾರಿಯಲ್ಲಿ ಸಿಗುವ ಲಿಬರ್ಟಾ ಅಂಥ ಊರು. ಹೆಸರಲ್ಲೇ ಸ್ವಾತಂತ್ರ್ಯ ಇದೆ.

ಆಂಟಿಗಾದ ಕಾರ್ನಿವಲ್ ಈ ಬಿಡುಗಡೆಯ ನೆನಪಿನ ಹಬ್ಬ. ಜುಲೈ ಕೊನೆಗೆ ಶುರುವಾಗಿ ಆಗಸ್ಟ್ ತಿಂಗಳ ಮೊದಲ ಸೋಮವಾರ, ಮಂಗಳವಾರ ತುದಿ ಮುಟ್ಟುತ್ತದೆ. ಸೋಮವಾರ ಇನ್ನೂ ಬೆಳಕು ಹರಿಯುವ ಮೊದಲೇ ಜನ ಬೀದಿಯಲ್ಲಿ ಕುಣಿಯುತ್ತಿರುತ್ತಾರೆ.

ಟ್ರಿನಿಡಾಡ್‌ನಂತೆ ಇಲ್ಲೂ ಭಾರತದಿಂದ ಕೂಲಿಗಳು ಹೋಗಿದ್ದರಾ?

ಟ್ರಿನಿಡಾಡ್, ಗಯಾನಾಕ್ಕೆ ಲಕ್ಷಗಟ್ಟಲೆ ಭಾರತೀಯರನ್ನು ಕರಾರಿನ ಮೇಲೆ ಒಯ್ದರು. ಆಂಟಿಗಾದಲ್ಲಿ ಆ ಥರ ಆಗಲಿಲ್ಲ. ಇಲ್ಲಿಗೆ ಬಂದವರು ಮಡೀರಾ ದ್ವೀಪದ ಪೋರ್ಚುಗೀಸರು. ಈಗ ಗಯಾನಾದಿಂದ ಬಂದು ನೆಲೆಸಿದವರು ಬಹಳ ಜನ ಇದ್ದಾರೆ, ಅವರಲ್ಲಿ ಭಾರತ ಮೂಲದವರೂ ಇದ್ದಾರೆ. ರೊಟ್ಟಿ ಅಂಗಡಿ ಕಂಡರೆ ಆಶ್ಚರ್ಯಪಡಬೇಡಿ.

ಸ್ವಾತಂತ್ರ್ಯ ಹೇಗೆ ಬಂತು?

1939ರಲ್ಲಿ ಕಾರ್ಮಿಕ ಸಂಘ ಹುಟ್ಟಿತು. 1943ರಿಂದ ಅದರ ಮುಂದಾಳು ವಿ.ಸಿ. ಬರ್ಡ್. 1951ರಲ್ಲಿ ಬೆಥೆಸ್ಡಾ ಎಂಬ ಹಳ್ಳಿಯ ಹುಣಸೆಮರದ ಕೆಳಗೆ ನಡೆದ ಮಾತುಕತೆಯನ್ನು ಜನ ಇವತ್ತಿಗೂ ಹೇಳುತ್ತಾರೆ. ಕೂಲಿ ಹೆಚ್ಚಿಸದಿದ್ದರೆ ಮುಷ್ಕರ ಎಂದರು ಬರ್ಡ್. ಕೆಲಸ ಬಿಟ್ಟರೆ ಏನು ತಿನ್ನುತ್ತೀರಿ ಎಂದು ಸಕ್ಕರೆ ಧಣಿ ಕೇಳಿದ. ಕಡಲ ಚಿಪ್ಪು ಆಯ್ದು ತಿನ್ನುತ್ತೇವೆ, ಕಾಡುಸೊಪ್ಪು ಬೇಯಿಸಿಕೊಳ್ಳುತ್ತೇವೆ, ಹೊಂಡದ ನೀರು ಕುಡಿಯುತ್ತೇವೆ ಎಂದು ಬರ್ಡ್ ಉತ್ತರ ಕೊಟ್ಟರು. ಮುಷ್ಕರ ನಡೆಯಿತು, ಧಣಿಗಳು ಬಗ್ಗಿದರು. 1981ರ ನವೆಂಬರ್ 1ರಂದು ದೇಶ ಸ್ವತಂತ್ರವಾದಾಗ ಬರ್ಡ್ ಅವರೇ ಮೊದಲ ಪ್ರಧಾನಿ. ವಿಮಾನ ನಿಲ್ದಾಣಕ್ಕೆ ಅವರ ಹೆಸರಿದೆ. ಅಷ್ಟು ಹೊತ್ತಿಗೆ ಕಬ್ಬಿನ ಕಾಲ ಮುಗಿದಿತ್ತು, ದುಡಿಮೆ ಗದ್ದೆಯಿಂದ ಬೀಚ್‌ಗೆ ಬಂದಿತ್ತು.

ಕುಡಿಯುವ ನೀರಿಗೆ ಬರ ಇದೆಯಾ?

ಇದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೆಟ್ಟಗಳು ತಗ್ಗು, ಅತಿ ಎತ್ತರದ ಬಾಗಿ ಪೀಕ್ 402 ಮೀಟರ್ ಅಷ್ಟೇ, ಮೋಡ ನಿಲ್ಲುವುದಿಲ್ಲ. ಕಬ್ಬಿಗೆಂದು ಕಾಡು ಕಡಿದದ್ದರಿಂದ ಮಣ್ಣೂ ಕೊಚ್ಚಿಹೋಯಿತು. ಪಾಟ್‌ವರ್ಕ್ಸ್ ಎಂಬ ದೊಡ್ಡ ಕೆರೆ ಬರಗಾಲದಲ್ಲಿ ಬತ್ತಿ ಬಿರುಕು ಬಿಡುತ್ತದೆ. ಈಗ ಹೆಚ್ಚಿನ ನೀರು ಸಮುದ್ರದ್ದೇ, ಉಪ್ಪು ತೆಗೆದು ಕೊಡುತ್ತಾರೆ. ಹೋಟೆಲಿನಲ್ಲಿ ನಲ್ಲಿ ಬಿಟ್ಟು ನಿಲ್ಲಬೇಡಿ.

ಹಾವುಗಳಿವೆಯಾ?

ವಿಷದ ಹಾವು ಇಲ್ಲ. ಇರುವುದರಲ್ಲಿ ಒಂದರ ಕಥೆ ಮಾತ್ರ ಕೇಳಲೇಬೇಕು. ಹಡಗಿನ ಜೊತೆ ಇಲಿಗಳು ಬಂದು ಕಬ್ಬು ತಿಂದವು. ಇಲಿ ಹಿಡಿಯಲು ಧಣಿಗಳು ಮುಂಗುಸಿ ತಂದರು. ಕೆರಿಬಿಯನ್‌ನಲ್ಲಿರುವ ಮುಂಗುಸಿಗಳ ಮೂಲ ನಮ್ಮ ದೇಶ. 1872ರಲ್ಲಿ ಕಲ್ಕತ್ತದಿಂದ ಜಮೈಕಾಕ್ಕೆ ಒಯ್ದ ಒಂಬತ್ತು ಮುಂಗುಸಿಗಳ ಸಂತತಿಯೇ ಬೇರೆ ದ್ವೀಪಗಳಿಗೂ ಹರಡಿತು. ಅವು ಆಂಟಿಗನ್ ರೇಸರ್ ಎಂಬ ಪಾಪದ ಹಾವನ್ನು ತಿಂದು ಮುಗಿಸಿದವು. 1995ರಲ್ಲಿ ಎಣಿಸಿದಾಗ ಗ್ರೇಟ್ ಬರ್ಡ್ ಎಂಬ ಪುಟ್ಟ ನಡುಗಡ್ಡೆಯಲ್ಲಿ ಸುಮಾರು 50 ಹಾವು ಮಾತ್ರ ಉಳಿದಿದ್ದವು. ಆ ನಡುಗಡ್ಡೆಯ ಇಲಿಗಳನ್ನು ನಿರ್ಮೂಲ ಮಾಡಿ, ಹಾವುಗಳನ್ನು ಇನ್ನೂ ಕೆಲವು ನಡುಗಡ್ಡೆಗಳಿಗೆ ಒಯ್ದು ಬಿಟ್ಟರು. ಈಗ ಅವು ಮತ್ತೆ ಹೆಚ್ಚಿವೆ. ದೋಣಿಯಲ್ಲಿ ಗ್ರೇಟ್ ಬರ್ಡ್‌ಗೆ ಹೋಗಿ ಬರಬಹುದು. ಹಾವು ಕಂಡರೆ ದೂರದಿಂದ ನೋಡಿ ಸಂತೋಷಪಡಿ.

ಬಾರ್ಬುಡಾಕ್ಕೆ ಹೋಗಿ ಬರಬಹುದಾ?

ಸೇಂಟ್ ಜಾನ್ಸ್‌ನಿಂದ ಫೆರಿಯಲ್ಲಿ ಸುಮಾರು ಒಂದೂವರೆ ಗಂಟೆ. ಕಾಡ್ರಿಂಗ್ಟನ್ ಲಗೂನ್‌ನಲ್ಲಿ ಫ್ರಿಗೇಟ್ ಹಕ್ಕಿಗಳ ದೊಡ್ಡ ವಸಾಹತು ಇದೆ. ಗಂಡುಹಕ್ಕಿ ಕತ್ತಿನ ಕೆಂಪು ಚೀಲವನ್ನು ಬಲೂನಿನಂತೆ ಊದಿಸಿ ಹೆಣ್ಣನ್ನು ಕರೆಯುತ್ತದೆ. ಬೀಚ್‌ಗಳಲ್ಲಿ ಮೈಲಿಗಟ್ಟಲೆ ನಡೆದರೂ ಜನ ಸಿಗುವುದಿಲ್ಲ.

ಬಾರ್ಬುಡಾದ ನೆಲಕ್ಕೆ ಒಂದು ವಿಶೇಷ ಇದೆ. ಗುಲಾಮಗಿರಿ ಹೋದ ಮೇಲೆ ಅಲ್ಲಿಯವರು ಇಡೀ ದ್ವೀಪವನ್ನು ಎಲ್ಲರ ಒಟ್ಟು ಆಸ್ತಿ ಎಂದೇ ಬಳಸುತ್ತಾ ಬಂದರು. 2007ರಲ್ಲಿ ಅದು ಕಾನೂನೂ ಆಯಿತು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಬಡಿದು ಹೆಚ್ಚಿನ ಮನೆಗಳು ಹಾಳಾದವು. ಇಡೀ ದ್ವೀಪದ ಜನರನ್ನು ಆಂಟಿಗಾಗೆ ಸಾಗಿಸಿದರು. ಅದಾದ ಮೇಲೆ ಸರ್ಕಾರ ನೆಲದ ಕಾನೂನು ಬದಲಿಸಿತು, ದೊಡ್ಡ ರೆಸಾರ್ಟುಗಳು ಬಂದವು, ಬಾರ್ಬುಡಾದವರು ನ್ಯಾಯಾಲಯಕ್ಕೆ ಹೋದರು. ನನ್ನ ಮನಸ್ಸು ಬಾರ್ಬುಡಾದವರ ಕಡೆಗಿದೆ. ಹೋಗುವುದಾದರೆ ಅಲ್ಲಿಯವರದ್ದೇ ದೋಣಿ, ಅಲ್ಲಿಯವರದ್ದೇ ಊಟ ಹುಡುಕಿ.

ಕುಂಬ್ಳೆ ದವಡೆಗೆ ಬ್ಯಾಂಡೇಜ್ ಕಟ್ಟಿಕೊಂಡು ಬೌಲ್ ಮಾಡಿದ್ದು ಇಲ್ಲೇನಾ?

ಇಲ್ಲೇ. ಸೇಂಟ್ ಜಾನ್ಸ್ ಪೇಟೆಯ ನಡುವಿನ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್‌ನಲ್ಲಿ, 2002ರ ಮೇ ತಿಂಗಳಲ್ಲಿ. ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ ಎಸೆತ ಬಡಿದು ದವಡೆ ಮುರಿಯಿತು. ಆಮೇಲೆ ತಲೆಯಿಂದ ಗಲ್ಲದವರೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದು ಸತತ 14 ಓವರ್ ಎಸೆದರು. ಬ್ರಯಾನ್ ಲಾರಾ ಎಲ್‌ಬಿಡಬ್ಲ್ಯು! ಆಮೇಲೆ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹೊರಟರು. ಅದೇ ಟೆಸ್ಟಿನಲ್ಲಿ ದ್ರಾವಿಡ್ 91 ಹೊಡೆದರು. ಭಾರತದ ಹನ್ನೊಂದೂ ಆಟಗಾರರು ಬೌಲ್ ಮಾಡಿದ ಪಂದ್ಯವೂ ಅದೇ. 2016ರಲ್ಲಿ ಕುಂಬ್ಳೆ ಕೋಚ್ ಆಗಿ ಮತ್ತೆ ಈ ದ್ವೀಪಕ್ಕೆ ಬಂದರು. ಆಗ ಕೊಹ್ಲಿ 200 ಹೊಡೆದದ್ದು, ಭಾರತ ಇನಿಂಗ್ಸ್‌ನಿಂದ ಗೆದ್ದದ್ದು ಹೊಸ ಮೈದಾನದಲ್ಲಿ.

ಹಳೆಯ ಮೈದಾನದಲ್ಲೇ ಲಾರಾ 1994ರಲ್ಲಿ 375, 2004ರಲ್ಲಿ 400 ಹೊಡೆದದ್ದು. ವಿವಿಯನ್ ರಿಚರ್ಡ್ಸ್ 1986ರಲ್ಲಿ 56 ಎಸೆತಕ್ಕೆ ಶತಕ ಹೊಡೆದದ್ದೂ ಇಲ್ಲೇ. ರಿಚರ್ಡ್ಸ್, ಆ್ಯಂಡಿ ರಾಬರ್ಟ್ಸ್, ರಿಚಿ ರಿಚರ್ಡ್‌ಸನ್, ಆ್ಯಂಬ್ರೋಸ್, ನಾಲ್ವರೂ ಈ ಪುಟ್ಟ ದ್ವೀಪದವರು. 2007ರ ವಿಶ್ವಕಪ್‌ಗೆ ಊರಾಚೆ ಕಟ್ಟಿದ ಹೊಸ ಮೈದಾನಕ್ಕೆ ರಿಚರ್ಡ್ಸ್ ಹೆಸರಿದೆ. 2009ರಲ್ಲಿ ಅಲ್ಲಿ ಒಂದು ಟೆಸ್ಟ್ 10 ಎಸೆತಕ್ಕೇ ನಿಂತಿತು. ಕಾರಣ ಮರಳು. ಹೊರ ಮೈದಾನಕ್ಕೆ ಎಷ್ಟು ಮರಳು ಹಾಕಿದ್ದರೆಂದರೆ ಬೌಲರ್‌ಗಳ ಕಾಲು ಹೂತು ಹೋಗುತ್ತಿತ್ತು. ಎರಡು ದಿನದಲ್ಲಿ ಎಲ್ಲರೂ ಹಳೆಯ ಮೈದಾನಕ್ಕೇ ಬಂದರು. ಕ್ರಿಕೆಟ್ ಇಷ್ಟಪಡುವವರು ಆ ಹಳೆಯ ಮೈದಾನದ ಬೇಲಿಯ ಹೊರಗೆ ನಿಂತಾದರೂ ನೋಡಿ ಬನ್ನಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸ್ವಲ್ಪ ಹುಡುಕಬೇಕು. ಅಲ್ಲಿಯ ಊಟದ ಹೆಸರು ಫಂಜಿ ಮತ್ತು ಪೆಪ್ಪರ್‌ಪಾಟ್. ಫಂಜಿ ಎಂದರೆ ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ, ಗಂಟಾಗದಂತೆ ಕೋಲಿನಿಂದ ತಿರುವಿ, ಉಂಡೆ ಕಟ್ಟಿದ್ದು. ಮುದ್ದೆ ಉಣ್ಣುವವರಿಗೆ ಇದು ತಕ್ಷಣ ಆಪ್ತ. ಪೆಪ್ಪರ್‌ಪಾಟ್ ಸೊಪ್ಪಿನ ಸಾರು, ಆದರೆ ಉಪ್ಪುಮಾಂಸ ಹಾಕಿರುತ್ತಾರೆ, ಕೇಳಿಯೇ ತಿನ್ನಿ. ಉಪ್ಪುಮೀನು ಇನ್ನೊಂದು ನಿತ್ಯದ ತಿನಿಸು. ಉತ್ತರ ಅಮೆರಿಕದಿಂದ ಅಗ್ಗಕ್ಕೆ ಬರುತ್ತಿದ್ದ ಒಣಮೀನನ್ನು ಗುಲಾಮರಿಗೆ ಪಡಿಯಾಗಿ ಕೊಡುತ್ತಿದ್ದರು. ಅವರ ಮೊಮ್ಮಕ್ಕಳು ಅದನ್ನೇ ರಾಷ್ಟ್ರದ ರುಚಿ ಮಾಡಿಕೊಂಡಿದ್ದಾರೆ.

ಡುಕಾನಾ ಬಿಡಬೇಡಿ. ತುರಿದ ಗೆಣಸು, ತೆಂಗಿನಕಾಯಿ, ಸಕ್ಕರೆ, ಹಿಟ್ಟು ಕಲಸಿ ಎಲೆಯಲ್ಲಿ ಸುತ್ತಿ ಬೇಯಿಸಿದ್ದು. ನಮ್ಮ ಎಲೆ ಕಡುಬಿನ ನೆಂಟ. ರಸ್ತಾಫಾರಿ ಪಂಥದವರ 'ಐಟಲ್' ಹೋಟೆಲುಗಳಲ್ಲಿ ಮಾಂಸವಿಲ್ಲದ ಅಡುಗೆ ಸಿಗುತ್ತದೆ. ನೈರುತ್ಯದ ರಸ್ತೆಬದಿಯಲ್ಲಿ ಬ್ಲ್ಯಾಕ್ ಪೈನ್‌ಆ್ಯಪಲ್ ಮಾರುತ್ತಾರೆ. ಹಣ್ಣಾದರೂ ಸಿಪ್ಪೆ ಕಡುಹಸಿರು, ಒಳಗೆ ತುಂಬ ಸಿಹಿ. ದೇಶದ ಲಾಂಛನದ ನೆತ್ತಿಯಲ್ಲೇ ಅನಾನಸ್ ಇದೆ.

ಹೋಗುವುದು ಹೇಗೆ? ವೀಸಾ, ದುಡ್ಡು?

ಭಾರತದಿಂದ ನೇರ ವಿಮಾನ ಇಲ್ಲ. ಲಂಡನ್, ನ್ಯೂಯಾರ್ಕ್, ಮಯಾಮಿ ಅಥವಾ ಟೊರಾಂಟೊ ಮೂಲಕ ಹೋಗಬೇಕು. ಟಿಕೆಟ್ ತೆಗೆಯುವ ಮೊದಲು ದಾರಿಯ ದೇಶದ ವೀಸಾ ನೋಡಿ. ಅಮೆರಿಕದಲ್ಲಿ ವಿಮಾನ ಬದಲಿಸಲಿಕ್ಕೂ ವೀಸಾ ಬೇಕು, ಬಹಳ ಜನ ಇಲ್ಲಿ ಎಡವುತ್ತಾರೆ. ಆಂಟಿಗಾದ ವೀಸಾ ನಿಯಮವನ್ನು ಅವರ ಸರ್ಕಾರದ ವೆಬ್‌ಸೈಟಿನಲ್ಲೇ ಓದಿಕೊಳ್ಳಿ. ನಾಣ್ಯ ಈಸ್ಟ್ ಕೆರಿಬಿಯನ್ ಡಾಲರ್. ಒಂದು ಅಮೆರಿಕನ್ ಡಾಲರ್‌ಗೆ 2.70, ಇದು ಏರಿಳಿಯುವುದಿಲ್ಲ. ಅಮೆರಿಕನ್ ಡಾಲರ್ ಕೂಡ ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ. ಬೆಲೆ ಕೇಳುವಾಗ ಯಾವ ಡಾಲರ್ ಎಂದು ಕೇಳಿ. ಗಾಡಿ ಓಡುವುದು ನಮ್ಮ ಹಾಗೆ ಎಡಬದಿಯಲ್ಲಿ.

ಅಲ್ಲಿಯ ರೀತಿ ರಿವಾಜು?

ಅಂಗಡಿಗೆ ಕಾಲಿಡುತ್ತಲೇ 'ಗುಡ್ ಮಾರ್ನಿಂಗ್' ಅಥವಾ 'ಗುಡ್ ಆಫ್ಟರ್‌ನೂನ್' ಹೇಳಬೇಕು. ಹೇಳದೆ ನೇರ ವ್ಯವಹಾರಕ್ಕೆ ಇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಈಜುಡುಗೆಯಲ್ಲಿ ಪೇಟೆಗೆ ಬರಬೇಡಿ. ಸೈನಿಕರು ತೊಡುವಂಥ ಮಚ್ಚೆ ಮಚ್ಚೆಯ (ಕ್ಯಾಮಫ್ಲಾಜ್) ಬಟ್ಟೆ ಬೇರೆಯವರು ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳ ಟೋಪಿ ಚಡ್ಡಿಯಾದರೂ ಸರಿ, ಮನೆಯಲ್ಲೇ ಬಿಟ್ಟು ಹೋಗಿ.

ನೆನಪಿಗೆ ಏನು ತರಲಿ?

ಮರಳು, ಹವಳ ಬೇಡ, ಅವು ಅಲ್ಲೇ ಇರಲಿ. ಸೂಸೀಸ್ ಹಾಟ್ ಸಾಸ್ ಬಾಟಲಿ, ಹುಣಸೆ ಉಂಡೆ ತರಬಹುದು. ಸಾಮಾನಿನಲ್ಲಿ ಜಾಗ ಇದ್ದರೆ ಸೀ ವ್ಯೂ ಫಾರ್ಮ್ ಹಳ್ಳಿಗೆ ಹೋಗಿ ಒಂದು ಮಣ್ಣಿನ 'ಕೋಲ್ ಪಾಟ್' ಕೊಳ್ಳಿ. ಇದ್ದಿಲು ಹಾಕಿ ಅಡುಗೆ ಮಾಡುವ ಒಲೆ ಅದು. ಗುಲಾಮರ ಕಾಲದಿಂದ ಆ ಕಡೆ ಹೆಂಗಸರು ತಿಗರಿ ಇಲ್ಲದೆ, ಕೈಯಲ್ಲೇ ತಟ್ಟಿ ತಟ್ಟಿ ಮಡಕೆ ಮಾಡಿಕೊಂಡು ಬಂದಿದ್ದಾರೆ. ಹುಲ್ಲು ಮುಚ್ಚಿ ಬಯಲಲ್ಲೇ ಸುಡುತ್ತಾರೆ. ಬಟ್ಟೆಗಳ ನಡುವೆ ಸುತ್ತಿ, ಕೈಚೀಲದಲ್ಲೇ ತನ್ನಿ. ಲಗೇಜಿಗೆ ಹಾಕಿದರೆ ಒಡೆಯುತ್ತದೆ.